ಹೆಚ್ಚಾಗ್ಯಾವ

ನಮ್ಮೂರಲ್ಲಿ ಒಂದು ಮಾತಿದೆ: ಅರುಣಾ ಹೇಳಿದಳೆಂದರೆ ಮುಗಿಯಿತು, ಬೇರೆ ಸಾಕ್ಷಿ ಬೇಡ. ಅರುಣಾ ಎಂದರೆ ನಾನೇ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಹೊಸ ಸೊಸೆಯಾಗಿ ಬಂದಾಗ, ಅತ್ತೆ ಮಾಡಿದ ಸಾರು ಹೇಗಿದೆ ಎಂದು ಬೀಗರು ಕೇಳಿದ್ದಕ್ಕೆ "ಸಪ್ಪಗೈತ್ರಿ" ಎಂದು ಎಲ್ಲರೆದುರು ಹೇಳಿಬಿಟ್ಟವಳು ನಾನು. ಅವತ್ತಿನಿಂದ ಈ ಹೆಸರು ಅಂಟಿಕೊಂಡಿದೆ. ಸುಳ್ಳು ಹೇಳಲು ಬಾರದಿರುವುದು ಗುಣವೋ ರೋಗವೋ ನನಗೂ ತಿಳಿಯದು.

ನವಲಗುಂದದಿಂದ ತಿರ್ಲಾಪುರದ ಕಡೆ ಹೋಗುವಾಗ ನಡುವೆ ಒಳಗೆ ತಿರುಗಿದರೆ ನಮ್ಮೂರು ಸಿಗುತ್ತದೆ. ಅಲ್ಲಿ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಮೂರು ಪತ್ರಿಕೆ ಬರುತ್ತವೆ. ಒಂದೇ ಸುದ್ದಿಯನ್ನು ಎಲ್ಲದರಲ್ಲೂ ಓದಿಸಿ, ಯಾರು ಏನು ಬಿಟ್ಟಿದ್ದಾರೆ ಹುಡುಕಿರಿ ಎಂದು ಹೈಸ್ಕೂಲಿನ ಹುಡುಗಿಯರನ್ನು ಪೀಡಿಸುವುದು ನನ್ನ ಚಟ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಬರೆಸಿದ್ದೇನೆ. ಅದನ್ನು ಯಾರೂ ಓದುವುದಿಲ್ಲ. ಆ ವಾರ ನಾನೂ ಓದಲಿಲ್ಲ.

ನನ್ನ ಗಂಡ ಹನುಮೇಶನಿಗೆ ಚಿಕ್ಕಂದಿನಿಂದ ಫಿಟ್ಸ್ ಇತ್ತು. ದಿನಾ ತಪ್ಪದೆ ಗುಳಿಗೆ ನುಂಗಿದರೆ ಎಲ್ಲರಂತೆ ಇರುತ್ತಿದ್ದ. ಕುರಿ ಮೇಯಿಸುತ್ತಿದ್ದ, ಭಜನೆಗೆ ಹೋಗಿ ರಾಗ ಕೆಡಿಸುತ್ತಿದ್ದ, ನನ್ನ ಜೊತೆ ಜಗಳ ಕಾಯುತ್ತಿದ್ದ. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಎನ್ನುವ ಜಾತಿ ನನ್ನದಲ್ಲ, ಆದ್ದರಿಂದ ಇದನ್ನೂ ಹೇಳುತ್ತೇನೆ: ಗುಳಿಗೆಯ ವಿಷಯದಲ್ಲಿ ಅವನು ಅಗದಿ ಸೋಮಾರಿ. ಕೈಗೆ ಕೊಟ್ಟರೆ ನುಂಗುವವನು, ಕೊಡದಿದ್ದರೆ ಕೇಳುವವನಲ್ಲ. ಆ ಗುಳಿಗೆಗಳನ್ನು ತಿಂಗಳಿಗೊಮ್ಮೆ ತಾಲೂಕಿನಿಂದ ತಂದುಕೊಡುತ್ತಿದ್ದವಳು ಊರ ಆರೋಗ್ಯ ಉಪಕೇಂದ್ರದ ನರ್ಸ್ ನೇತ್ರಾ. ಮಂಡ್ಯದ ಕಡೆಯ ಹುಡುಗಿ, ಗುತ್ತಿಗೆ ನೌಕರಿ, ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ನಾನು ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದ ವಾರವೇ ಗುಳಿಗೆ ಮುಗಿಯುವುದಿತ್ತು. ಅಲ್ಲಿಂದ ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಗುಳಿಗಿ ಅದಾವೇನ್ರಿ?"

"ನರ್ಸಬಾಯಾರಿಗೆ ಫೋನ್ ಹಚ್ಚಿ ಹೇಳೇನಿ ಬೇ. ನಾ ನೋಡ್ಕೋತೀನಿ ಅಂದಾರ. ನೀ ಚಿಂತಿ ಬಿಡು."

ನಾನು ಚಿಂತೆ ಬಿಟ್ಟೆ. ತರಬೇತಿಯ ವಿಷಯ ಏನಿತ್ತೆಂದರೆ, ಮಕ್ಕಳಲ್ಲಿ ಪ್ರಶ್ನೆ ಕೇಳುವ ಗುಣ ಬೆಳೆಸುವುದು ಹೇಗೆ. ನಗು ಬಂದರೆ ನಕ್ಕುಬಿಡಿ. ನನಗೆ ಬರುತ್ತಿಲ್ಲ.

ನೇತ್ರಾ ಗುಳಿಗೆ ತರಲಿಲ್ಲ. ನಾನು ಊರಿಗೆ ಮರಳುವ ಹಿಂದಿನ ದಿನ, ಕುರಿಗಳಿಗೆ ನೀರು ಕುಡಿಸಲು ಹೊಲದ ಕೃಷಿ ಹೊಂಡಕ್ಕೆ ಇಳಿದ ಹನುಮೇಶ ಅಲ್ಲೇ ಫಿಟ್ಸ್ ಬಂದು ಬಿದ್ದ. ಮೊಣಕಾಲುದ್ದ ನೀರು, ಮುಖ ಕೆಳಗಾಗಿತ್ತು. ಬಾಜೂ ಹೊಲದವರು ನೋಡುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಕುರಿಗಳು ನೀರು ಕುಡಿದು ಅಲ್ಲೇ ಸುತ್ತ ನಿಂತಿದ್ದವಂತೆ.

ನಾನು ಅಳಲಿಲ್ಲ. ಅಳಬಾರದೆಂದಲ್ಲ, ಅಳು ಬರಲಿಲ್ಲ. ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಅವರ ಸೀರೆಯ ಅಂಚು ನೋಡುತ್ತ ಕೂತಿದ್ದೆ. ಚಹಾ ಕೊಟ್ಟರೆ ಕುಡಿದೆ, ರುಚಿ ಗೊತ್ತಾಗಲಿಲ್ಲ. ಹೇಗಾಯಿತು ಎಂದು ಕೇಳಿದವರಿಗೆ ಗೊತ್ತಿದ್ದದ್ದನ್ನು ಹೇಳಿದೆ: ಗುಳಿಗೆ ಮುಗಿದಿದ್ದವು, ಅತ್ತೆ ನರ್ಸ್‌ಗೆ ಹೇಳಿದ್ದರು, ಆಕೆ ತರಲಿಲ್ಲ. ಹೇಳಿದ ಮೂರೂ ಮಾತು ಖರೆ. ಅರುಣಾ ಹೇಳಿದಳು ಎಂದ ಮೇಲೆ ಊರಿಗೆ ಮತ್ತೇನು ಬೇಕು?

ಮಣ್ಣು ಮಾಡಿ ಬಂದವರು ನೇರ ಉಪಕೇಂದ್ರಕ್ಕೆ ಹೋದರು. ಮುಂದೆ ಇದ್ದವರು ಹೊಳೆಯಪ್ಪ ಕಾಕಾ. ತೀರಿಕೊಂಡ ನಮ್ಮ ಮಾವನ ತಮ್ಮ, ಒಂದು ಅವಧಿಗೆ ಪಂಚಾಯಿತಿ ಮೆಂಬರ್ ಆಗಿದ್ದವರು, ಹನುಮೇಶನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ನೇತ್ರಾ ಬಾಗಿಲಲ್ಲಿ ನಿಂತು, "ಅಜ್ಜಿನೇ ಫೋನಲ್ಲಿ ಮಾತ್ರೆ ಜಾಸ್ತಿ ಇದೆ ಅಂದ್ರು, ದೇವ್ರಾಣೆಗೂ" ಎಂದಳಂತೆ. ಮಗನನ್ನು ಕಳೆದುಕೊಂಡ ಮುದುಕಿಯ ಮೇಲೆ ಸುಳ್ಳು ಹೊರಿಸುತ್ತಾಳೆ ಎಂದು ಜನ ಇನ್ನೂ ಕೆರಳಿದರು. ಕಾಕಾ ಬಾಗಿಲಿಗೆ ತಮ್ಮ ಬೀಗ ಜಡಿದು, ಮೇಲಿನವರಿಗೆ ದೂರು ಕೊಟ್ಟರು. ಬರುವ ಸೋಮವಾರ ತಾಲೂಕಿನಿಂದ ಸಾಹೇಬರು ವಿಚಾರಣೆಗೆ ಬರುತ್ತಾರೆ, ಸತ್ತವನ ಹೆಂಡತಿಯ ಮಾತು ಕೇಳಿ ವರದಿ ಬರೆಯುತ್ತಾರೆ ಎಂದು ಸುದ್ದಿ ಬಂತು. ಗುತ್ತಿಗೆಯವಳು, ವರದಿ ಕೆಟ್ಟದಾಗಿ ಬಂದರೆ ನೌಕರಿ ಹೋಗುವುದಷ್ಟೇ ಅಲ್ಲ, ಒಬ್ಬನ ಸಾವಿಗೆ ಕಾರಣಳಾದ ನರ್ಸ್ ಎಂಬ ಹೆಸರು ಹೊತ್ತು ಎಲ್ಲಿ ಕೆಲಸ ಕೇಳಲು ಹೋದಾಳು?

ಅದೆಲ್ಲ ಕೇಳಿಯೂ ನನಗೆ ಏನೂ ಅನ್ನಿಸಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಯನ್ನು ಜನ್ಮವಿಡೀ ಬೈದವಳು ನಾನು. ಈ ಸಲ ಹಗ್ಗ ಹಿಡಿದು ನಿಂತವಳೂ ನಾನೇ ಆಗಿದ್ದೆ. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಗೋಡೆಗೆ ಒರಗಿ ಕೂತೆ.

ಹನುಮೇಶನ ದಿನದ ಕಾರ್ಯದ ಮುಂಜಾನೆ ನನ್ನನ್ನು ಹಿತ್ತಲಿಗೆ ಕರೆದೊಯ್ದು ಮಣೆ ಹಾಕಿ ಕೂರಿಸಿದರು. ವಿಧವೆಯ ಬಳೆ ಒಡೆಯುವ ಪದ್ಧತಿ ನಿಲ್ಲಬೇಕೆಂದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಭಾಷಣ ಮಾಡಿದವಳು ನಾನು. ಅವತ್ತು ಚಪ್ಪಾಳೆ ತಟ್ಟಿದ್ದ ಕೈಗಳೇ ಈಗ ನನ್ನ ಮುಂಗೈ ಹಿಡಿದಿದ್ದವು. ಬೇಡ ಎನ್ನುವಷ್ಟು ಜೀವ ನನ್ನಲ್ಲಿರಲಿಲ್ಲ. ಎರಡೂ ಕೈ ಮುಂದೆ ಚಾಚಿದೆ.

ಹೊಳೆಯಪ್ಪ ಕಾಕಾನ ಹೆಂಡತಿ, ನಾವು ಕಾಕಿ ಎನ್ನುವ ದೊಡ್ಡ ಹೆಂಗಸು, ಹಿಂದಿನಿಂದ ಹೇಳಿದಳು: "ತಡಾ ಬ್ಯಾಡ್ರೆವಾ. ಬಳಿ ಹೆಚ್ಚಿಸ್ರಿ."

ಹಸಿರು ಬಳೆಗಳು ಕಲ್ಲಿಗೆ ಬಡಿದು ಚೂರಾದವು. ಒಂದು ಚೂರು ನನ್ನ ಮಣಿಕಟ್ಟಿಗೆ ತಾಗಿ ರಕ್ತ ಬಂತು. ನೋವಾಗಲಿಲ್ಲ. ಆದರೆ ಆ ಮಾತು ಕಿವಿಯಲ್ಲಿ ನಿಂತಿತು. ಹೆಚ್ಚಿಸ್ರಿ.

ನಮ್ಮ ಕಡೆ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಮನೆಯಲ್ಲಿ ಉಪ್ಪು, ಅಕ್ಕಿ, ಅರಿಶಿನ ಯಾವತ್ತೂ ಮುಗಿಯುವುದಿಲ್ಲ. ಡಬ್ಬಿಯ ತಳ ಕಂಡಾಗ ಹೆಚ್ಚಾಗೇತಿ ಎನ್ನಬೇಕು. ಇಲ್ಲ ಎಂದು ಬಾಯಿಬಿಟ್ಟರೆ ಇಲ್ಲವೇ ಆಗಿಬಿಟ್ಟೀತು ಎನ್ನುವ ಭಯ. ತೀರೇತಿ ಎನ್ನುವ ಮಾತನ್ನು ಮನುಷ್ಯರು ಹೋದಾಗ ಆಡುತ್ತಾರೆ, ಅದನ್ನು ಡಬ್ಬಿಯ ಮೇಲೆ ಆಡಬಾರದು. ನಾನು ಈಗಿನ ಕಾಲದವಳು, ಮುಗಿಯಿತು ಎಂದೇ ಅನ್ನುತ್ತೇನೆ. ಅದಕ್ಕೆ ಅತ್ತೆಯಿಂದ ಎಷ್ಟು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಮಣೆಯ ಮೇಲೆ ಕೂತಂತೆಯೇ ನೇತ್ರಾಳ ಮಾತು ನೆನಪಾಯಿತು. ಮಾತ್ರೆ ಜಾಸ್ತಿ ಇದೆ ಅಂದ್ರು. ಕಾಕಿ ನನ್ನ ಕೈ ತೊಳೆಯುತ್ತಿದ್ದಳು. ನೀರು ತಣ್ಣಗಿತ್ತು.

ಸಂಜೆ ನೆಂಟರು ಚದುರಿದ ಮೇಲೆ ಅತ್ತೆಯ ಹತ್ತಿರ ಹೋಗಿ ಕೂತೆ. ಪಡಸಾಲೆಯ ಕಂಬಕ್ಕೆ ಒರಗಿ, ಹನುಮೇಶನ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚಿನ ಎಳೆಗಳ ದಸಿ ಬಿಡಿಸುತ್ತಿದ್ದರು.

"ಅತ್ತಿ, ಅವತ್ತ ಫೋನಿನ್ಯಾಗ ನರ್ಸಗೆ ಏನಂದ್ರಿ? ಅದೇ ಮಾತು ಇದ್ದಂಗ ಹೇಳ್ರಿ."

"ಎಷ್ಟ ಸಲ ಕೇಳ್ತೀರಿ ಎಲ್ಲಾರೂ. ಬಾಯಾರ, ನಮ್ಮ ಹನಮ್ಯಾನ ಗುಳಿಗಿ ಹೆಚ್ಚಾಗ್ಯಾವ್ರಿ ಅಂದೆ."

"ಅದಕ್ಕ ಆಕಿ?"

"ದಿನಾ ತಪ್ಪದಂಗ ನುಂಗಿಸಬೇಕು ಅಂತ ಸಿಟ್ಟ ಮಾಡಿದ್ಲು. ಹೂಂ ನುಂಗಿಸ್ತೀನ್ರಿ ಅಂದೆ. ಮುಂದಿಂದು ನಾ ನೋಡ್ಕೋತೀನಿ ಅಂದ್ಲು. ಅಂದಾಕಿ ಬರಲೇ ಇಲ್ಲ."

"ಮುಗದಾವ ಅಂತ ಅನ್ನಲಿಲ್ಲೇನ್ರಿ?"

ಅತ್ತೆ ದಸಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬುದ್ಧಿ ಇಲ್ಲದವಳನ್ನು ನೋಡುವ ನೋಟ ಅದು, ನನಗೆ ಚೆನ್ನಾಗಿ ಪರಿಚಯವಿದ್ದದ್ದು. "ಹೆತ್ತಾಕಿ ಅದೀನಿ ಬೇ. ಮಗನ ಹೆಸರಿನ ಬಾಜೂಕ ಅಂಥಾ ಮಾತು ಇಡ್ತಾರೇನು?"

ಅವರಿಗೆ ಏನೂ ಹೊಳೆದಿರಲಿಲ್ಲ. ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮವರ ಕಿವಿಗೆ ಅತ್ತೆಯ ಮಾತು ಸ್ಪಷ್ಟವಾಗಿತ್ತು: ಗುಳಿಗೆ ಇಲ್ಲ, ತಂದುಕೊಡಿ.

ಮರುದಿನ ಉಪಕೇಂದ್ರದ ಹಿಂದೆ ನೇತ್ರಾ ವಾಸವಿದ್ದ ಖೋಲಿಗೆ ಹೋದೆ. ಮುಂದಿನ ಬಾಗಿಲಿಗೆ ಕಾಕಾನ ಬೀಗ ಇನ್ನೂ ನೇತಾಡುತ್ತಿತ್ತು. ನೇತ್ರಾ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ನನ್ನನ್ನು ಕಂಡು ಗೋಡೆಗೆ ಸರಿದಳು, ಹೊಡೆಯಲು ಬಂದಿದ್ದೇನೆ ಎಂದುಕೊಂಡಿರಬೇಕು.

"ನಮ್ಮ ಅತ್ತಿ ಫೋನಿನ್ಯಾಗ ಅಂದ ಮಾತು ಹೇಳ್ರಿ ಸಿಸ್ಟರ. ನಿಮ್ಮ ಮಾತಿನ್ಯಾಗ ಬ್ಯಾಡ. ಅವರು ಹೆಂಗಂದ್ರೋ ಹಂಗ."

ಆಕೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಗುಳಿಗಿ ಹೆಚ್ಚಾಗ್ಯಾವ್ರಿ ಅಂದ್ರು ಅಕ್ಕ. ಅಣ್ಣ ಮೊದಲೊಂದ್ಸಲ ಸರಿಯಾಗಿ ನುಂಗದೆ ಮಾತ್ರೆ ಉಳಿಸಿದ್ರಲ್ಲ, ಮತ್ತೆ ಹಾಗೇ ಮಾಡಿ ಹೆಚ್ಚಾಗಿ ಉಳಿದಿದೆ ಅಂದ್ಕೊಂಡೆ. ಅದಕ್ಕೇ ಗದರಿದೆ. ಉಳಿದಿರೋದು ಮುಗೀಲಿ, ಮುಂದಿನ ತಿಂಗಳು ತಂದ್ರಾಯ್ತು ಅಂತ ಸುಮ್ಮನಾದೆ."

"ನಿಮ್ಮ ಕಡೆ ಉಪ್ಪು ಖಾಲಿ ಆದ್ರ ಏನಂತಾರ?"

"ಉಪ್ಪು ಮುಗೀತು ಅಂತೀವಿ. ಯಾಕಕ್ಕ?"

ನಾನು ಹೇಳಿದೆ. ಬಳೆಯದ್ದು, ಉಪ್ಪಿನದ್ದು, ಗುಳಿಗೆಯದ್ದು. ಆಕೆ ಮೊದಲು ನಂಬಲಿಲ್ಲ, ಮತ್ತೊಮ್ಮೆ ಕೇಳಿದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಬಾರದ ಅಳು ಆ ಹುಡುಗಿಗೆ ಬರುತ್ತಿತ್ತು. ನಾನು ನೋಡುತ್ತ ನಿಂತೆ.

"ಒಂದೇ ಒಂದು ಸಲ ತಿರುಗಿ ಕೇಳಬೇಕಿತ್ತು ನಾನು," ಅಂದಳು. ಮೂಗು ಒರೆಸಿಕೊಂಡು, "ಅಜ್ಜಿಗೆ ಗೊತ್ತಾ ಇದು?" ಎಂದು ಕೇಳಿದಳು.

"ಇಲ್ಲ."

"ಹೇಳ್ಬೇಡಿ ಅಕ್ಕ."

ಅಲ್ಲಿಂದ ನೇರ ಹೊಳೆಯಪ್ಪ ಕಾಕಾನ ಮನೆಗೆ ಹೋದೆ. ಬೀಗ ಅವರದು, ದೂರು ಅವರದು. ಅವರು ಹಿಂದೆಗೆದರೆ ಸೋಮವಾರದ ಸಭೆಯೇ ಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಕಾಕಾ ಕಟ್ಟೆಯ ಮೇಲೆ ಕೂತು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದರು. ಎಲ್ಲವನ್ನೂ ಕೇಳಿದರು. ಕತ್ತರಿ ಕೆಳಗಿಟ್ಟರು.

"ಖರೇ ಐತಿ ನಿನ್ನ ಮಾತು," ಅಂದರು ಕೊನೆಗೆ. "ಆ ಹುಡುಗಿದು ಸುಳ್ಳಲ್ಲ. ತಿಳೀತು. ಈಗ ನೀ ನನಗೊಂದು ಹೇಳು ಯವ್ವಾ. ನರ್ಸಗೆ ಈ ಊರು ಹೋದ್ರ ಮತ್ತೊಂದು ಊರು ಸಿಗತೈತಿ. ನಮ್ಮ ವೈನಿಗೆ, ನಿಮ್ಮ ಅತ್ತಿಗೆ, ಮತ್ತೊಬ್ಬ ಮಗ ಸಿಗತಾನೇನು? ಮಗಾ ಹೋದಾ ಅಂತ ಅಳಾಕ ಹತ್ಯಾಳ, ಅಳಲಿ. ನನ್ನ ಮಾತಿನಿಂದ ಹೋದಾ ಅಂತ ತಿಳದ್ರ ಆಕಿ ಎಷ್ಟ ದಿನಾ ಉಳೀತಾಳ?"

ಕಾಕಾ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಸುಳ್ಳು ಹೇಳಂತ ನಿನಗ ನಾ ಹೇಳೂದಿಲ್ಲ. ನಿನಗದು ಬರೂದೂ ಇಲ್ಲ. ಸುಮ್ಮ ಇರು. ಸುಮ್ಮ ಇದ್ರ ಸುಳ್ಳು ಹೇಳಿದಂಗ ಆಗೂದಿಲ್ಲ."

ನನ್ನ ಗ್ರಂಥಾಲಯದಲ್ಲಿ ಯಾವಳಾದರೂ ಹುಡುಗಿ ಈ ವಾದ ಹೂಡಿದ್ದರೆ ಭೇಷ್ ಎನ್ನುತ್ತಿದ್ದೆ. ಕಾಕಾ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ತಿರುಳಿತ್ತು. ಸೋಮವಾರದವರೆಗೂ ಅದಕ್ಕೆ ಉತ್ತರ ಹುಡುಕಿದೆ. ಒಲೆಯ ಮುಂದೆ ಕೂತು, ಕುರಿಗಳಿಗೆ ಮೇವು ಹಾಕುತ್ತ, ಅದನ್ನೇ ಈ ಕಡೆಯಿಂದ ಆ ಕಡೆಗೆ ತಿರುವಿ ಹಾಕಿದೆ. ತಪ್ಪು ಯಾರದು? ಅತ್ತೆಯದೆಂದರೆ, ಅವರು ತಮ್ಮ ಅವ್ವ ಕಲಿಸಿದ ಮಾತನ್ನೇ ಆಡಿದರು, ಅದೂ ಮಗನಿಗೆ ಕೆಡುಕಾಗಬಾರದೆಂದು. ನೇತ್ರಾಳದೆಂದರೆ, ಆಕೆ ಕನ್ನಡದ ಮಾತನ್ನು ಕನ್ನಡದಲ್ಲೇ ಕೇಳಿಸಿಕೊಂಡಳು. ಹನುಮೇಶ ಬಾಯಿಬಿಟ್ಟು ಕೇಳಬಹುದಿತ್ತು. ನಾನು ಧಾರವಾಡದಿಂದ ನರ್ಸ್‌ಗೇ ಒಂದು ಫೋನ್ ಮಾಡಬಹುದಿತ್ತು. ಯಾರ ತಲೆಗೂ ಪೂರ್ತಿ ಕಟ್ಟಲಾಗದ ತಪ್ಪನ್ನು ನಾವೆಲ್ಲ ಸೇರಿ ಪರದೇಶಿ ಹುಡುಗಿಯೊಬ್ಬಳ ತಲೆಗೆ ಕಟ್ಟಿದ್ದೆವು.

ಇನ್ನೊಂದು ಅನುಮಾನವೂ ಇತ್ತು, ಅದು ನನ್ನ ಮೇಲೇ. ಖರೆ ಹೇಳಬೇಕೆನ್ನುವ ಈ ತುರಿಕೆ ಆ ಹುಡುಗಿಗಾಗಿಯೋ, ಅರುಣಾ ಎಂದರೆ ಖರೆ ಎನ್ನುವ ನನ್ನ ಹೆಸರಿಗಾಗಿಯೋ? ಸಾರು ಸಪ್ಪಗಿದೆ ಎಂದಾಗಲೂ ನಾನು ಖರೆಯನ್ನೇ ಹೇಳಿದ್ದೆ. ಅವತ್ತು ಅತ್ತೆ ಉಣ್ಣದೆ ಮಲಗಿದ್ದರು.

ಕಡೆಗೆ ಒಂದು ನಡುದಾರಿ ಹಿಡಿದೆ. ಸಾಹೇಬರನ್ನು ಒಬ್ಬರನ್ನೇ ಬಾಜೂಕ ಕರೆದು ಎಲ್ಲ ಹೇಳಿಬಿಡುವುದು, ಅತ್ತೆಯ ಕಿವಿಗೆ ಬೀಳದಂತೆ ಹುಡುಗಿಯನ್ನು ಉಳಿಸಿ ಎಂದು ಕೈಮುಗಿಯುವುದು. ಅದು ಪೂರ್ತಿ ಖರೆಯೂ ಅಲ್ಲ, ಸುಳ್ಳೂ ಅಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಔದಾರ್ಯ.

ಸೋಮವಾರ ಗ್ರಂಥಾಲಯದ ಮೇಜುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದರು. ನಾನು ಬಾಗಿಲು ತೆರೆಯದ ದಿನಗಳ ಪತ್ರಿಕೆಗಳು ಕಟ್ಟು ಬಿಚ್ಚದೆ ಮೂಲೆಯಲ್ಲಿ ಬಿದ್ದಿದ್ದವು. ವಿಚಾರಣೆಗೆ ಬಂದವರು ಜಹೀರುದ್ದೀನ ಸಾಹೇಬರು, ಅಣ್ಣಿಗೇರಿಯವರು, ಮೆತ್ತಗಿನ ಮಾತಿನ ಮನುಷ್ಯ. ಅತ್ತೆಯನ್ನು ಕಾಕಾ ಕೈಹಿಡಿದು ಕರೆತಂದು ಮುಂದೆಯೇ ಕೂರಿಸಿದ್ದರು. ನೇತ್ರಾ ಬಾಗಿಲ ಹತ್ತಿರ ನಿಂತಿದ್ದಳು, ಬ್ಯಾಗು ಹೊರಗೆ ಕಟ್ಟೆಯ ಮೇಲಿತ್ತು.

ನಾನು ಸಾಹೇಬರ ಹತ್ತಿರ ಹೋಗಿ "ಒಂದ ನಿಮಿಷ ಹೊರಗ ಬರ್ರಿ, ಮಾತಾಡೂದೈತಿ" ಎನ್ನುವುದರೊಳಗೆ ನೇತ್ರಾ ಮುಂದೆ ಬಂದಳು.

"ಸಾರ್, ನಂದೇ ತಪ್ಪು. ಅಜ್ಜಿ ಮಾತ್ರೆ ಖಾಲಿಯಾಗಿದೆ ಅಂತಾನೇ ಹೇಳಿದ್ರು. ನಾನು ಮರೆತೆ. ಅವತ್ತು ಭಯಕ್ಕೆ ಸುಳ್ಳು ಹೇಳಿದೆ."

ಕಾಕಾ ತಲೆ ತಗ್ಗಿಸಿ ಜಮಖಾನದ ಚಿತ್ತಾರ ನೋಡತೊಡಗಿದರು. ಮಂದಿಯಲ್ಲಿ ಗುಜುಗುಜು ಎದ್ದಿತು. ನೋಡಿದ್ರೇನು, ಅರುಣಾ ಹೇಳಿದ್ದ ಖರೇ ಆತು, ಎಂದು ಯಾರೋ ಅಂದರು. ಆಗ ಅತ್ತೆ, ಇಷ್ಟು ದಿನ ನೇತ್ರಾಳ ಹೆಸರೆತ್ತಿದರೆ ಶಾಪ ಹಾಕುತ್ತಿದ್ದವರು, ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಹೋಗಲಿ ಬಿಡ್ರಿ ಸಾಹೇಬ್ರ. ಸಣ್ಣ ಹುಡುಗಿ, ಮರತಾಳ. ನನ್ನ ಮಗನ ಆಯುಷ್ಯ ಅಷ್ಟ ಇತ್ತು. ಆಕಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಸಾಹೇಬರು ಪೆನ್ನು ಹಿಡಿದವರು ನನ್ನ ಕಡೆ ತಿರುಗಿದರು. "ಆಕಿ ಒಪ್ಪಿಕೊಂಡಾಳ. ಒಪ್ಪಿಕೊಂಡಿದ್ದನ್ನ ನಾ ಬರೀಲೇಬೇಕಾಗತೈತ್ರಿ. ಅಮ್ಮಾರು ಕ್ಷಮಾ ಮಾಡಿದ್ರೂ ಮ್ಯಾಲಿನವರು ಮಾಡೂದಿಲ್ಲ. ನೀವ ಹೇಳ್ರಿ, ಆಕಿ ಮರತದ್ದು ಖರೇನ?"

ಹೌದ್ರಿ ಎಂದರೆ ಸಾಕಿತ್ತು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ಆ ಹುಡುಗಿಯೂ ಕಾಯುತ್ತಿದ್ದಳು, ಕಣ್ಣಲ್ಲೇ ಬೇಡುತ್ತಿದ್ದಳು. ಆ ಹುಡುಗಿ ಮಾಡದ ತಪ್ಪನ್ನು ಅತ್ತೆ ಕ್ಷಮಿಸಿದ್ದರು, ನೇತ್ರಾ ತಾನು ಮಾಡದ ತಪ್ಪನ್ನು ಒಪ್ಪಿಕೊಂಡಿದ್ದಳು. ಇಬ್ಬರೂ ನನಗಿಂತ ಒಳ್ಳೆಯವರಾಗಿ ಕಂಡರು. ಇನ್ನು ನಡುದಾರಿ ಉಳಿದಿರಲಿಲ್ಲ. ಸುಮ್ಮನಿದ್ದರೂ ಅದು ಈಗ ಹೌದು ಎಂದಂತೆಯೇ.

"ಇಲ್ರಿ," ಅಂದೆ. "ಆಕಿ ಮರತಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದೆ. ಅತ್ತೆ ಅಂದ ಮಾತು, ಆ ಹುಡುಗಿಗೆ ಅದು ಕೇಳಿಸಿದ ಬಗೆ, ಈಗ ಆಕೆ ಯಾಕೆ ತಪ್ಪು ಒಪ್ಪಿಕೊಳ್ಳುತ್ತಿದ್ದಾಳೆ ಎನ್ನುವುದು, ನಾನು ಧಾರವಾಡದಲ್ಲಿ ಕೂತು ಒಂದು ಮಾತು ಕೇಳಿ ಸುಮ್ಮನಾದದ್ದು. ನನ್ನ ದನಿ ಪತ್ರಿಕೆ ಓದಿದ ಹಾಗೆ ಬರುತ್ತಿತ್ತು. ಏರಿಲ್ಲ, ಇಳಿವಿಲ್ಲ. ಎದುರಿನ ಗೋಡೆಯ ನೀಲಿ ಅಕ್ಷರಗಳನ್ನು ನೋಡುತ್ತ ಹೇಳಿದೆ, ಯಾಕೆಂದರೆ ಅತ್ತೆಯ ಮುಖ ನೋಡಲು ನನ್ನಿಂದ ಆಗಲಿಲ್ಲ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ನಮ್ಮನ್ಯಾಗೂ ಮುದುಕ್ರು ಹಂಗ ಅಂತಾರ್ರಿ," ಅಂದರು ಮೆಲ್ಲಗೆ. ಮತ್ತೆ ಮುಂದಿನ ಕಾಗದ ನೋಡಿ, "ಹಂಗಾರ ತಪ್ಪು ಯಾರದಂತ ಬರೀಲ್ರಿ?"

"ನನಗ ತಿಳಿವಲ್ದ್ರಿ. ಆಕಿದಂತ ಮಾತ್ರ ಬರೀಬ್ಯಾಡ್ರಿ."

ಕಾಕಾ ಎದ್ದು, ಅಂಗಿಯ ಕಿಸೆಯಿಂದ ಬೀಗದ ಕೈ ತೆಗೆದು ನೇತ್ರಾಳ ಮುಂದೆ ಹಿಡಿದರು. ನನ್ನ ಕಡೆ ನೋಡಲಿಲ್ಲ. ಅವರು ನನ್ನ ಜೊತೆ ಮಾತಾಡಿ ಈಗ ಬಹಳ ದಿನವಾಯಿತು, ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಹೊರಗೆ ಹೋಗುವಾಗ ನೇತ್ರಾ ನನ್ನ ಪಕ್ಕಕ್ಕೆ ಬಂದು, "ಯಾಕಕ್ಕ ಹೇಳಿದ್ರಿ," ಎಂದಷ್ಟೇ ಕೇಳಿದಳು. ಆಕೆಯ ನೌಕರಿ ಉಳಿದಿತ್ತು, ಆದರೆ ಮುಖದಲ್ಲಿ ಉಳಿದವಳ ಕಳೆ ಇರಲಿಲ್ಲ.

ಕೊನೆಗೆ ಅತ್ತೆಯನ್ನು ನೋಡಿದೆ. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ದನಿ ಇಲ್ಲದಿದ್ದರೂ ಯಾವ ಮಾತೆಂದು ನನಗೆ ತಿಳಿಯಿತು. ಫೋನಿನಲ್ಲಿ ಆಡಿದ್ದನ್ನೇ ಮತ್ತೆ ಮತ್ತೆ ಆಡಿ ನೋಡುತ್ತಿದ್ದರು. ಅಳುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ನನ್ನ ಮೈಮೇಲೆ ಬರುತ್ತಾರೆ ಎಂದುಕೊಂಡಿದ್ದೆ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಡಿ, ಮನಿಗಿ ಹೋಗೂಣು," ಅಂದರು.

ಹತ್ತಿ ಹೊಲದ ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ. ಮನೆಗೆ ಬಂದವರು ಕೈಕಾಲು ತೊಳೆದು, ಕುರಿಗಳಿಗೆ ನೀರಿಟ್ಟು ಬಂದರು. ನಾನು ರೊಟ್ಟಿ ಬಡಿಯಲು ಕೂತೆ. ಅತ್ತೆ ಪಲ್ಯಕ್ಕೆ ಬದನೆಕಾಯಿ ಹೆಚ್ಚಿ ಒಗ್ಗರಣೆ ಹಾಕಿದರು. ಮಗ ಸತ್ತ ಮೇಲೆ ಅವರು ಒಲೆಯ ಹತ್ತಿರ ಬಂದದ್ದು ಅದೇ ಮೊದಲು. ನನಗೆ ಸಮಾಧಾನ ಎನ್ನಿಸಿತು. ಬದುಕುತ್ತಾರೆ, ಕಾಕಾ ಹೆದರಿದ ಹಾಗೆ ಆಗುವುದಿಲ್ಲ ಎಂದುಕೊಂಡೆ.

ಉಪ್ಪಿನ ಡಬ್ಬಿ ತೆರೆದು ಒಳಗೆ ಕೈ ಹಾಕಿದರು. ತಳ ಕೆರೆಯುವ ಸಪ್ಪಳ ಕೇಳಿಸಿತು. ಡಬ್ಬಿಯನ್ನು ನೆಲಕ್ಕಿಟ್ಟು, ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಅರುಣಾ."

"ಏನ್ರಿ ಅತ್ತಿ?"

"ಉಪ್ಪು ತೀರೇತಿ."

ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಎಪ್ಪತ್ತು ವರ್ಷ ಆ ಬಾಯಲ್ಲಿ ಬಾರದಿದ್ದ ಮಾತು ಅದು.

ನಾನು ಉತ್ತರ ಕೊಡದ್ದನ್ನು ಕಂಡು, ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡರು. "ತೀರೇತಿ ಬೇ," ಅಂದರು ಮತ್ತೊಮ್ಮೆ. "ಈಗ ತಿಳೀತೇನು ನಿನಗ?"